ಹೊತ್ತು ಮುಳುಗಿದ ಮೇಲಿನ ಚಹಾ

"ನಾ ಬರದದ್ದು ಅಳಿಸಿದವ್ರು ನೀವ ಏನ್ರಿ?"

ಮಿರಜದ ಆ ಕಂಪ್ಯೂಟರ್ ಕ್ಲಾಸಿನ ಬಾಗಿಲಲ್ಲಿ ನಿಂತವನ ಅಂಗಿಯ ತೋಳಿಗೆ ಆಯಿಲ್ ಕಲೆ, ಮುಖದಲ್ಲಿ ಸುಡುಸುಡು ಸಿಟ್ಟು. ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದ ಋತುಜಾ ಕತ್ತೆತ್ತಿದಳು. ಎದೆ ಧಸಕ್ಕೆಂದಿತು. ಆ ಸಿಟ್ಟಿಗೋ, ಆ ಕಣ್ಣುಗಳಿಗೋ... ಅವಳಿಗೇ ತಿಳಿಯಲಿಲ್ಲ. ನಮಗೂ ಅವಸರವಿಲ್ಲ.

ಅದು ಎರಡು ಸಾವಿರದ ಏಳನೇ ಇಸವಿ. ಸಾಂಗಲಿ ಮಿರಜದ ನಡುವಿನ ರಸ್ತೆಯುದ್ದಕ್ಕೂ ಹೊಸ ಅಂಗಡಿ, ಹೊಸ ಅಪಾರ್ಟ್‌ಮೆಂಟು ಏಳುತ್ತಿದ್ದವು. ಸಂದಿಗೊಂದು ಸೈಬರ್ ಕೆಫೆ. ಊರಿನ ತೊಂದರೆಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಏನು ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ ಎಂದು ರೋಸಿಹೋದ ಋತುಜಾ ಎರಡು ತಿಂಗಳ ಹಿಂದೆ ಇಂಟರ್‌ನೆಟ್‌ನಲ್ಲಿ ಒಂದು ಗುಂಪು ಶುರು ಮಾಡಿದ್ದಳು. ಹೆಸರು 'ಮಾಡಿದ್ದು ಬರೀರಿ'. ಮರಾಠಿಯೋ ಕನ್ನಡವೋ, ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದರಾಯಿತು. ಆದರೆ ಮೂರು ಸಾಲು ಕಡ್ಡಾಯ: ತೊಂದರೆ ಏನು, ನಾನು ಏನು ಮಾಡಿದೆ, ಮುಂದಿನವರು ಏನು ಮಾಡಬೇಕು. ಬರೀ ಗೋಳು ಬರೆದರೆ ಅಳಿಸಿಬಿಡುತ್ತಿದ್ದಳು.

"ಕುಪವಾಡದ ಗಟಾರದ್ದು ಬರದವ್ರೇನ್ರಿ? ಅದರಾಗ ಬರೇ ತಕರಾರ ಇತ್ತು. ನೀವು ಏನ್ ಮಾಡಿದ್ರಿ ಅಂತ ಇರಲಿಲ್ಲ."

"ಏನ್ ಮಾಡಬೇಕಂತ ಗೊತ್ತಿದ್ರ ನಿಮ್ಮ ಗುಂಪಿಗೆ ಯಾಕ ಬರ್ತಿದ್ನಿ, ಮ್ಯಾಡಂ?"

ಟೈಪಿಂಗ್ ಸದ್ದು ಗಪ್ಪನೆ ನಿಂತಿತು. ಹುಡುಗಿಯರು ಕಿಸಕ್ಕನೆ ನಕ್ಕರು.

'ಹೌದಲ್ಲ! ಇಷ್ಟು ಸರಳ ಮಾತು ನನಗ್ಯಾಕ ಹೊಳೀಲಿಲ್ಲ?' ಋತುಜಾಳ ಮುಖ ಕೆಂಪೇರಿತು. ಕುರ್ಚಿ ಎಳೆದಳು.

"ಕುಂದ್ರಿ. ಅರ್ಜಿ ಬರಿಯೂನು."

ಅವನ ಹೆಸರು ಭೂಷಣ. ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯ ಒಂದು ವರ್ಕ್‌ಶಾಪಿನಲ್ಲಿ ಲೇಥ್ ನಡೆಸುತ್ತಿದ್ದ. ತಾಯಿ ಕಾಡವ್ವ ಮೂವತ್ತು ವರ್ಷದ ಹಿಂದೆ ಅಥಣಿ ಕಡೆಯಿಂದ ಕೂಲಿಗೆ ಬಂದವಳು. ಮನೆ ಮುಂದಿನ ಗಟಾರದ ಚಪ್ಪಡಿ ಒಡೆದು, ಅದರಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಳು.

ಮುಂದೆ ನಡೆದದ್ದಕ್ಕೆ ಎರಡು ತಿಂಗಳು ಹಿಡಿಯಿತು. ಅರ್ಜಿ ಎರಡು ಪ್ರತಿ, ಎರಡನೆಯದಕ್ಕೆ ಮಹಾನಗರಪಾಲಿಕೆ ಕಚೇರಿಯ ಸಿಕ್ಕಾ, ಗಲ್ಲಿಯ ನಲವತ್ತು ಮಂದಿಯ ಸಹಿ. ಒಂದೊಂದು ಹೆಜ್ಜೆಯನ್ನೂ ಇಬ್ಬರೂ ಗುಂಪಿನಲ್ಲಿ ಬರೆದರು. ಅದನ್ನು ಓದಿ ಹತ್ತಿರದ ಆರಗ ಹಳ್ಳಿಯವರೊಬ್ಬರು ತಮ್ಮೂರಿನ ಬಸ್ ನಿಲ್ಲುವ ಕಡೆ ನೆರಳಿಗೆ ಅರ್ಜಿ ಕೊಟ್ಟರು. ಗುಂಪು ಇನ್ನೂರು ಜನರದ್ದಾಯಿತು.

ಕಚೇರಿಯ ಬೆಂಚಿನ ಮೇಲೆ ಕಾದು ಕೂತಾಗ ಭೂಷಣ ಹೆಚ್ಚು ಮಾತಾಡುತ್ತಿರಲಿಲ್ಲ. ಬಿಸಿಲು ಅವಳ ಮುಖಕ್ಕೆ ಬಂದರೆ ಮಾತ್ರ ಸುಮ್ಮನೆ ಎದ್ದು ಬಿಸಿಲಿಗೆ ಅಡ್ಡವಾಗಿ ಆ ಕಡೆ ಕೂರುತ್ತಿದ್ದ. ಇದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ. ಋತುಜಾಳಿಗೆ ಅಷ್ಟೇ ಸಾಕಾಗಿತ್ತು. ಅವಳು ಅವನನ್ನು ಪ್ರೀತಿಸತೊಡಗಿದ್ದಳು.

ಹೊಸ ಚಪ್ಪಡಿ ಕೂತ ದಿನ ಕಾಡವ್ವ ಅವಳನ್ನು ಬಿಡಲಿಲ್ಲ.

"ಒಳಗ ಬಾ, ಮಗಳ. ಬಿಸಿ ರೊಟ್ಟಿ ಮಾಡೇನಿ, ಎರಡ ತುತ್ತು ಉಣ್ಣು."

"ಬ್ಯಾಡ್ರಿ ಮಾವಶಿ. ಹೊತ್ತು ಮುಳುಗೇತಿ, ನಾವು ಜೈನರು ಆಮ್ಯಾಲೆ ಉಣ್ಣಂಗಿಲ್ಲ."

"ಹೌದ ನೋಡು, ಮರತ ಬಿಟ್ನಿ! ಹಂಗಾರ ಚಹಾ ತಗೋ."

ಋತುಜಾ ಕೈ ಚಾಚಿದಳು. ಅಷ್ಟರಲ್ಲಿ ಎದುರು ಮನೆಯ ಬಾಗಿಲಲ್ಲಿ ಧೋಂಡಿಬಾ ಕಂಡ. ಅವಳ ಕಾಕಾ ನೇಮಿನಾಥನ ಕಾರಖಾನೆಯ ಸುಪರ್‌ವೈಸರ್. ಕಣ್ಣು ಕೀಲಿಸಿ ನೋಡುತ್ತಿದ್ದ.

'ಇಂಥ ಜಾತಿಯವರ ಮನ್ಯಾಗ ಚಹಾ ಕುಡಿದ್ಳು ಅಂತ ನಾಳೆ ಕಾಕಾಗ ಮುಟ್ಟತೈತಿ...'

ಚಾಚಿದ ಕೈ ಹಿಂದಕ್ಕೆ ಬಂತು.

"ಚಹಾನೂ... ನಡ್ಯಂಗಿಲ್ರಿ."

ರೊಟ್ಟಿಯ ಮಾತು ನಿಜ, ಚಹಾದ ಮಾತು ಸುಳ್ಳು. ಅವಳ ಮನೆಯಲ್ಲಿ ದೀಪ ಹಚ್ಚಿದ ಮೇಲೂ ಚಹಾ ನಡೆಯುತ್ತಿತ್ತು. ಕಾಡವ್ವ ಕಪ್ಪು ಒಳಗಿಟ್ಟಳು.

"ಅವರ ಧರ್ಮದಾಗ ಹಂಗೈತಿ, ಅವ್ವಾ," ಎಂದು ಭೂಷಣನೇ ಸಮಾಧಾನ ಹೇಳಿದ.

ನಾಲ್ಕು ದಿನದ ಮೇಲೆ, ಸಂಜೆ ಏಳರ ಸುಮಾರಿಗೆ, ಗುಂಪಿಗೆ ಹಾಕಲೆಂದು ಹೊಸ ಚಪ್ಪಡಿಯ ಫೋಟೊ ಹಿಡಿದುಕೊಂಡು ಅವನು ಮಿರಜದ ಅವಳ ಮನೆಗೆ ಬಂದ. ಕಿಟಕಿ ತೆರೆದಿತ್ತು. ಒಳಗೆ ಋತುಜಾ, ಅಜ್ಜಿ ಪದ್ಮವ್ವ, ನಡುವೆ ಹಬೆಯಾಡುವ ಎರಡು ಕಪ್ಪು ಚಹಾ.

ಕಣ್ಣಿಗೆ ಕಣ್ಣು ಕೂಡಿತು. ಅವಳ ಕೈಯ ಕಪ್ಪು ಅರ್ಧದಲ್ಲೇ ನಿಂತಿತು.

"ನಡೀತೈತಲ್ರಿ..." ಎಂದ ಭೂಷಣ. ಫೋಟೊ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟೇ ಹೋದ.

ಮರುದಿನ ಗುಂಪಿನಲ್ಲಿ ಅವನ ಬರಹವಿತ್ತು, ನಿಯಮದಂತೆ ಮೂರೇ ಸಾಲು.

"ತೊಂದರೆ: ಸಹಾಯಕ್ಕ ಬಂದವರು ನಮ್ಮ ಮನಿ ಚಹಾ ಮುಟ್ಟಂಗಿಲ್ಲ. ನಾ ಮಾಡಿದ್ದು: ಅವರ ಧರ್ಮ ಹಂಗೈತಿ ಅಂತ ಅವ್ವಗ ಹೇಳಿದ್ನಿ, ಅದು ಸುಳ್ಳಾತು. ಮುಂದಿನವರು ಮಾಡಬೇಕಾದ್ದು: ಗೊತ್ತಿಲ್ಲ. ನಿಯಮ ಮುರದೇನಿ, ಬೇಕಾದ್ರ ಅಳಸ್ರಿ."

ಅವಳ ಹೆಸರು ಹಾಕಿರಲಿಲ್ಲ. ಮಧ್ಯಾಹ್ನದೊಳಗೆ ಮೂವತ್ತು ಜನ ಕೇಳಿದ್ದರು, ಯಾರದು, ಯಾರು ಅವರು?

ಅಳಿಸುವ ಅಧಿಕಾರ ಅವಳದೇ. ಒಂದು ಗುಂಡಿ ಒತ್ತಿದರೆ ಸಾಕು, ಇನ್ನೂರು ಜನರ ಮುಂದೆ ಅವಳ ಮಾನ ಉಳಿಯುತ್ತಿತ್ತು. ಭೂಷಣ ಮಾತ್ರ ಉಳಿಯುತ್ತಿರಲಿಲ್ಲ.

ಕಣ್ಣೊರೆಸಿಕೊಂಡು ಕೆಳಗೆ ಬರೆಯತೊಡಗಿದಳು. "ತೊಂದರೆ: ಅವರು ನಾನೇ. ನನ್ನ ಹೆಸರು ಋತುಜಾ. ನಾನು ಏನು ಮಾಡಿದೆ..."

ಬೆರಳು ನಿಂತವು. ಏನು ಮಾಡಿದ್ದಳು ಅವಳು? ಅತ್ತಿದ್ದಳು, ಅಷ್ಟೇ! ಅಳುವುದು ಅವಳದೇ ನಿಯಮದಲ್ಲಿ ಲೆಕ್ಕಕ್ಕಿರಲಿಲ್ಲ.

ಬರಹವನ್ನು ಅಲ್ಲಿಗೇ ಬಿಟ್ಟಳು. ಸಂಜೆ ಚಪ್ಪಲಿ ಮೆಟ್ಟುವಾಗ ಪದ್ಮವ್ವ ಕೇಳಿದಳು.

"ಈ ಹೊತ್ತಿನ್ಯಾಗ ಎಲ್ಲಿಗೆ ಹೊಂಟಿ?"

"ಚಹಾ ಕುಡಿಯಾಕ, ಆಯಿ."

"ಮನ್ಯಾಗ ಇಲ್ಲೇನ?"

"ಅಲ್ಲಿ ಒಂದ ಕಪ್ಪು ಬಿಟ್ಟ ಬಂದೇನಿ."

ಕುಪವಾಡದಲ್ಲಿ ಬಸ್ಸಿಳಿದಾಗ ಬೀದಿ ದೀಪ ಹತ್ತಿದ್ದವು. ಕಾಡವ್ವ ಅವಳನ್ನು ನೋಡಿಯೂ ಬಾ ಅನ್ನಲಿಲ್ಲ.

"ಹೊತ್ತು ಮುಳುಗೇತಲ್ಲ, ಬಾಯಿ."

ಅವತ್ತಿನ 'ಮಗಳ' ಇವತ್ತು ಪರರನ್ನು ಕರೆಯುವ 'ಬಾಯಿ' ಆಗಿತ್ತು.

"ರೊಟ್ಟಿ ಬ್ಯಾಡ್ರಿ. ಚಹಾ ಕೊಡ್ರಿ, ಮಾವಶಿ. ಅವತ್ತು ಸುಳ್ಳ ಹೇಳಿದ್ನಿ."

"ಯಾಕ?"

"ಎದರಿಗೆ ಕಾಕಾನ ಮನಶ್ಯಾ ನಿಂತಿದ್ದ. ಅಂಜಿದ್ನಿ."

"ನಿನ್ನ ವಯಸ್ಸಿನ್ಯಾಗ ನನಗ ಕರಟದಾಗ ಚಹಾ ಹಾಕತಿದ್ರು," ಎಂದಳು ಕಾಡವ್ವ ಮೆಲ್ಲಗೆ. "ಅವ್ರರೆ ಮುಖಕ್ಕ ಹೇಳತಿದ್ರು. ನೀ ಧರ್ಮದ ಹೆಸರ ಹೇಳಿದಿ."

"ತಪ್ಪಾತ್ರಿ..."

"ಅಂವ ಇವತ್ತೂ ನಿಂತಾನ, ನೋಡು."

ಧೋಂಡಿಬಾ ನಿಂತೇ ಇದ್ದ. ನಾಳೆ ಮನೆಯಲ್ಲಿ ರಂಪವಾಗುವುದು ಖಂಡಿತ. ಆದರೂ ಋತುಜಾ ಒಳಗೆ ಹೋಗಲಿಲ್ಲ, ಎಲ್ಲರಿಗೂ ಕಾಣುವಂತೆ ಹೊಸ್ತಿಲ ಹೊರಗೆ, ಆ ಹೊಸ ಚಪ್ಪಡಿಯ ಮೇಲೆಯೇ ಕೂತಳು.

"ನಿಂದರಲಿ. ಇಲ್ಲೇ ಕೊಡ್ರಿ."

ಕಾಡವ್ವ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಎರಡು ಕಪ್ಪಿದ್ದವು. ಒಂದನ್ನು ಋತುಜಾಳಿಗೆ ಕೊಟ್ಟು, ನೋಯುವ ಕಾಲನ್ನು ಚಾಚಿ ಅವಳ ಪಕ್ಕದಲ್ಲೇ ಕೂತಳು. ಶುಂಠಿ ಹಾಕಿದ ಚಹಾ. ಬಿಸಿಗೆ ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಅದು ಬಿಸಿಯಿಂದಲೇ ಎಂದು ನಂಬುವಷ್ಟು ದಡ್ಡಿಯಲ್ಲ ಕಾಡವ್ವ.

ಸೈಕಲ್ಲಿನ ಬ್ರೇಕು ಕಿರ್ರೆಂದಿತು. ಭೂಷಣ ಇಳಿದವನು ಅಲ್ಲೇ ನಿಂತ.

"ಇದೇನ್ರಿ?"

"ನಿಮಗ ಬರದ ಉತ್ತರದಾಗ ಎರಡನೇ ಸಾಲು ಖಾಲಿ ಇತ್ತು. ಈಗ ಬರೀಬಹುದು."

"ಮೂರನೇದು?"

"ಕುಂತು ಕುಡೀಬೇಕು. ಎಲ್ಲಾರ ಮುಂದ."

ಅವನ ಮುಖದ ಬಿಗಿ ಸಡಿಲಿತು. ಕಾಡವ್ವ ತನ್ನ ಕಪ್ಪೆತ್ತಿಕೊಂಡು, ಇವರಿಬ್ಬರ ಮಾತು ಇವರಿಬ್ಬರಿಗೇ ಇರಲಿ ಎಂಬಂತೆ ಒಳಗೆ ಹೋದಳು.

"ನಿಮ್ಮ ಮ್ಯಾಲೆ ನನಗ ಮನಸೈತಿ, ಭೂಷಣ," ಎಂದುಬಿಟ್ಟಳು ಋತುಜಾ. "ಇದನ್ನ ಗುಂಪಿನ್ಯಾಗ ಬರ್ಯಂಗಿಲ್ಲ. ನಿಮಗಷ್ಟ ಹೇಳ್ತೇನಿ."

ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅವಳ ಪಕ್ಕ ಕೂತ.

"ನನಗ ಆ ಕಚೇರಿ ಬೆಂಚಿನ ಮ್ಯಾಲೆ ಕುಂತಾಗಿಂದ ಐತಿ, ಋತುಜಾ. ಮೊದಲ್ನೇ ದಿನಾ ಬಿಸಲು ಬಂದಾಗಿಂದ."

ಮ್ಯಾಡಂ ಅನ್ನಲಿಲ್ಲ! ಅವಳು ತುಟಿ ಕಚ್ಚಿ ನಗು ತಡೆದಳು.

"ಚಹಾ ಆತು. ಇನ್ನ ನಿಮ್ಮವ್ವನ ರೊಟ್ಟಿ ಉಳದೈತಿ."

"ಅದನ್ನ ನಿಮ್ಮ ಜೋಡಿ ಉಣ್ಣಾಕ ಹೊತ್ತು ಮುಳುಗೂದ್ರಾಗ ನಾ ಮನಿಗೆ ಬರಬೇಕಲ್ಲ."

"ಹಂಗಾರ?"

"ನಾಳೆ ಮಾಲಕರಿಗೆ ಹೇಳಿ ಮುಂಜಾನಿ ಮೊದಲ್ನೇ ಶಿಫ್ಟ್ ತಗೋತೇನಿ."