ಬೆಂಚು ಕೊಯ್ದ ಕೈ

ಕೊಯ್ದವನಿಗೆ ಕೆಲಸ ಬರುತ್ತಿರಲಿಲ್ಲವೇ? ಅಥವಾ ತುಂಬ ಚೆನ್ನಾಗಿ ಬರುತ್ತಿತ್ತೇ?

ಬಂಡೆಪ್ಪನಿಗೆ ಯಾವುದೂ ಖಚಿತವಾಗಲಿಲ್ಲ. ಎದುರಿಗೆ ಬೆಂಚು ಎರಡು ತುಂಡಾಗಿ ಬಿದ್ದಿತ್ತು. ಗುಜರಿಗೆ ಹೋದ ಲಾರಿಯ ಹಲಗೆ, ಮುರಿದ ಎತ್ತಿನ ಗಾಡಿಯ ಗಾಲಿ — ಇವುಗಳಿಂದ, ಹಳೆಯ ಮರದಲ್ಲಿ ಹೊಸ ಸಾಮಾನು ಮಾಡಿಸುವ ಉಜ್ವಲಾ ನಾಲ್ಕು ತಿಂಗಳು ಕೂತು ಮಾಡಿಸಿದ ಬೆಂಚು. ಅಂಥದ್ದು ಇನ್ನೊಂದಿರಲಿಲ್ಲ. ಒಮ್ಮೆ ಮಾಡಿದ್ದನ್ನು ಅವಳು ಮತ್ತೆ ಮಾಡುತ್ತಿರಲಿಲ್ಲ.

ಅದನ್ನು ಹುಮನಾಬಾದಿನ ಹೊಸ ಹೋಟೆಲಿಗೆ ಒಯ್ಯಲು ಬಂಡೆಪ್ಪ ಟೆಂಪೊ ತಂದಿದ್ದ. ಪೊಲೀಸ್ ಜಮಾದಾರನಾಗಿ ನಿವೃತ್ತನಾದ ಮೇಲೆ ಆ ಹೋಟೆಲಿನ ಕಾವಲು ಅವನದಾಗಿತ್ತು. ಬೆಳಿಗ್ಗೆ ಉಜ್ವಲಾ ಬಸವಕಲ್ಯಾಣದ ತನ್ನ ಈ ಶೆಡ್ಡಿನ ಬಾಗಿಲು ತೆರೆದಾಗ ಅವಳ ಹಿಂದೆಯೇ ಇದ್ದ.

ಅವಳು ಕೂಗಲಿಲ್ಲ. ತುಂಡುಗಳನ್ನು ಒಂದಕ್ಕೊಂದು ಹಚ್ಚಿ ನೋಡಿದಳು. ಆಮೇಲೆ ಕೂತು ಠಾಣೆಗೆ ಅರ್ಜಿ ಬರೆದಳು. ಅದರಲ್ಲಿದ್ದದ್ದು ಒಂದೇ ಹೆಸರು — ಮಕ್ಬೂಲ್.

ಮಕ್ಬೂಲ್ ಮಿಸ್ತ್ರಿ ಎರಡು ತಿಂಗಳಿಂದ ಇಲ್ಲಿ ಜೋಡಣೆಯ ಕೆಲಸ ಮಾಡುತ್ತಿದ್ದ ಹಿರಿಯ ಬಡಗಿ. ಅವನ ಬಲಗೈ ನಡುಗತೊಡಗಿತ್ತು. ಇನ್ನು ಮುಂದೆ ಬರುವುದು ಬೇಡವೆಂದು ಉಜ್ವಲಾ ಹೇಳಿ ವಾರವಾಗಿತ್ತು. ಈಗ ನೋಡಿದರೆ ಕೊಯ್ತದ ಗೆರೆ ಎರಡು ಕಡೆ ಸೊಟ್ಟಗಿದೆ. ಇನ್ನೇನು ಬೇಕು? ಅರ್ಜಿ ಠಾಣೆ ಮುಟ್ಟಿದರೆ ಊರಿನಲ್ಲಿ ಯಾರೂ ಅವನನ್ನು ಮನೆಯೊಳಗೆ ಕೆಲಸಕ್ಕೆ ಕರೆಯುವುದಿಲ್ಲ. ಕರೆ ಕಳಿಸಿದಾಗ ಬಂದ ಮಕ್ಬೂಲ್ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ತಂಗಿ, ಅರ್ಧಾ ತಾಸು ತಡಿ," ಎಂದ ಬಂಡೆಪ್ಪ.

ವಿಚಾರಿಸಿದ. ನಿನ್ನೆ ಶುಕ್ರವಾರ. ಉಜ್ವಲಾ ಹಳೆಯ ಬಾಗಿಲೊಂದನ್ನು ನೋಡಲು ಕೊಡಂಬಲಕ್ಕೆ ಹೋಗಿದ್ದಳು. ಮಕ್ಬೂಲ್ ನಮಾಜಿಗೆ ಹೋದವನು ಅಲ್ಲಿಂದ ಮನೆಗೆ ಹೋಗಿ ಮಲಗಿದ್ದ. ಉಜ್ವಲಾಳ ಗಂಡ ಸತೀಶಕುಮಾರ ಕದಕ್ಕೆ ಹಾಕುವ ಬಿಜಾಗರಿ ತರಲು ಹುಮನಾಬಾದಿಗೆ ಬಸ್ ಹತ್ತಿದ್ದ. ಶೆಡ್ಡಿನ ಕೀಲಿ ಎಲ್ಲಿರುತ್ತದೆಂದು ಮೂವರಿಗೂ ಗೊತ್ತಿತ್ತು.

"ಸಿಟ್ಟಿತ್ತೇನು ಮಿಸ್ತ್ರಿ?"

"ಇತ್ರಿ. ಕೈ ನಡಗ್ತದಂತ ಬಿಡಿಸಿದ್ರ ಯಾರಿಗಿ ಖುಷಿ ಆಗ್ತದ? ಆದ್ರ ಆ ಗಾಲಿ ಕೂಡಿಸಿದಾಂವ ನಾನೇ. ನನ್ನ ಕೆಲಸ ನಾನೇ ಕೊಯ್ತೀನೇನ್ರಿ?"

"ನೀವು ಇಲ್ಲಿ ಏನ್ ಮಾಡ್ತೀರಿ?" — ಇದು ಗೋಡೆಯ ಬಳಿ ನಿಂತಿದ್ದ ಸತೀಶಕುಮಾರನಿಗೆ.

"ನಾನೇನ್ರಿ ಜಮಾದಾರ್ ಸಾಹೇಬ್ರ? ಡಿಸೈನ್ ಆಕೀದು, ಹೆಸರೂ ಆಕೀದು. ಹಲಗಿ ಹೊರೋದು, ಮೊಳಿ ಕೀಳೋದು, ತಿಕ್ಕೋದು, ಇಷ್ಟೇ ನಮ್ಮ ಪಾಲಿಗಿ." ನಗುತ್ತಲೇ ಹೇಳಿದ. ಹೆಂಡತಿಯ ಕಡೆ ಮಾತ್ರ ನೋಡಲಿಲ್ಲ.

ಬಂಡೆಪ್ಪ ಮತ್ತೆ ಬಗ್ಗಿದ. ಕೊಯ್ದ ಅಂಚಿನ ಮೇಲೆ ಬೆರಳು ಎಳೆದ. ನಡುಗುವ ಕೈ ಕೊಯ್ದಿದ್ದರೆ ಅಂಚು ತರಚಿರಬೇಕು. ಇದು ನುಣ್ಣಗಿತ್ತು, ಬಾಗಿದ ಜಾಗದಲ್ಲಿಯೂ.

ಕಪಾಟಿನಲ್ಲಿ ಕೆಟ್ಟ ಸ್ಪೀಕರಿನ ಅಯಸ್ಕಾಂತವೊಂದು ಬಿದ್ದಿತ್ತು. ಅದನ್ನು ಹಲಗೆಯ ಮೇಲೆ ಸರಿಸುತ್ತ ಹೋದ. ಒಂದು ಕಡೆ ಗಪ್ಪನೆ ಹಿಡಿಯಿತು. ಇನ್ನೊಂದು ಕಡೆಯೂ. ಮೇಲೆ ನೋಡಿದರೆ ಏನೂ ಇಲ್ಲ, ಬರೀ ಬಣ್ಣ.

"ತಂಗಿ, ಇದರೊಳಗ ಮೊಳಿ ಉಳ್ದಾವ. ಎಲ್ಲಿ ಅಂತ ಗೊತ್ತದೇನು?"

"ಇಲ್ರಿ ಕಾಕಾ. ಎಲ್ಲಾ ಸಾಫ್ ಆದ ಮ್ಯಾಲೇ ಹಲಗಿ ನನ್ನ ಕೈಗಿ ಬರ್ತದ."

ಮಕ್ಬೂಲನೂ ಇಲ್ಲವೆಂದು ತಲೆ ಅಲ್ಲಾಡಿಸಿದ. ಅವನು ಕೆಲಸಕ್ಕೆ ಸೇರುವ ಮೊದಲೇ ಹಲಗೆಗೆ ಬಣ್ಣವಾಗಿತ್ತು.

"ಗೆರಿ ಸೊಟ್ಟದ ಅಂತ ಎಲ್ಲಾರೂ ನೋಡ್ದಿವಿ," ಎಂದ ಬಂಡೆಪ್ಪ. "ಎಲ್ಲಿ ಸೊಟ್ಟದ ಅಂತ ಯಾರೂ ನೋಡ್ಲಿಲ್ಲ. ತಲಿ ಮುರ್ದು ಒಳಗ ಉಳಿದ ಮೊಳಿ ಎರಡು. ಎರಡನ್ನೂ ತಪ್ಪಿಸಿ ಹೋಗ್ಯಾದ ಗರಗಸ. ಅವು ಅಲ್ಲಿ ಅವ ಅಂತ ಗೊತ್ತಿದ್ದಾಂವ ಒಬ್ಬನೇ, ಮೊಳಿ ಕಿತ್ತಾಂವ." ಸತೀಶಕುಮಾರನತ್ತ ತಿರುಗಿದ. "ನಿನ್ನೆ ಹುಮನಾಬಾದ್ ಮುಟ್ಟಿದ್ರೇನು?"

ಸತೀಶಕುಮಾರ ಬಗ್ಗಿ ಕೊಯ್ದ ಅಂಚಿನ ಮೇಲಿನ ಮರದ ಪುಡಿ ಒರೆಸಿದ.

"ನಡುವೇ ಇಳ್ದು ಹೊಳ್ಳಿ ಬಂದೆ," ಎಂದ. "ಹಾಳ ಮಾಡ್ಬೇಕಂತೇ ಬಂದಿದ್ದೆ. ಮೊಳಿ ಹತ್ರ ಬಂತು ನೋಡ್ರಿ, ಕೈ ತಾನೇ ತಿರುಗ್ತು. ಹಲ್ಲು ಹೋಗ್ತಾವಲ್ಲ, ಗರಗಸದ್ದು."

ಯಾಕೆಂದು ಉಜ್ವಲಾ ಕೇಳಿದಳು. ಅವನು ಗೋಡೆಗೆ ಅಂಟಿಸಿದ್ದ, ಪೇಪರಿನಲ್ಲಿ ಬಂದ ಫೋಟೋ ತೋರಿಸಿದ. ಬೆಂಚು, ಅದರ ಪಕ್ಕ ಉಜ್ವಲಾ, ಕೆಳಗೆ ಅವಳ ಹೆಸರು. ಹಿಂದೆ ಬಾಗಿಲ ಅಂಚಿನಲ್ಲಿ ಯಾರದೋ ಮೊಣಕೈ.

"ಅದು ನಂದು," ಎಂದ.

ಉಜ್ವಲಾ ಅರ್ಜಿ ಹರಿದಳು. ತಪ್ಪಾಯಿತೆಂದು ಮಕ್ಬೂಲನಿಗೆ ಕೈಮುಗಿದಳು.

"ಹೆಸರ ಬರಿಯೋದಕ್ಕಿಂತ ಮದ್ಲ ನನಗೊಂದ್ ಮಾತ ಕೇಳ್ಬೇಕಿತ್ತು ಬೇಟಿ," ಎಂದು ಅವನು ವಾರದಿಂದ ಶೆಡ್ಡಿನಲ್ಲೇ ಇದ್ದ ತನ್ನ ಸಾಮಾನಿನ ಚೀಲ ಎತ್ತಿಕೊಂಡು ಹೊರಟ. ಅವಳು ತಡೆಯಲಿಲ್ಲ. ತಡೆಯುವ ಮುಖ ಅವಳಿಗಿರಲಿಲ್ಲ.

ಬಂಡೆಪ್ಪನೂ ಟೆಂಪೊದ ಕಡೆ ನಡೆದ. ಬೆನ್ನ ಹಿಂದೆ ಅವಳ ದನಿ ಕೇಳಿಸಿತು:

"ಫೋಟೋಕ್ಕ ಬರ್ರಿ ಅಂತ ಕರ್ದಿದ್ದೆ. ನೀವೇ ಒಲ್ಲೆ ಅಂದ್ರಿ."

ಸತೀಶಕುಮಾರ ಹೌದೆಂದು ತಲೆಯಾಡಿಸಿದ. ಅವಳು ಇನ್ನೊಂದು ಸಲ ಕರೆಯಲಿ ಎಂದು ಅವತ್ತು ಬಾಗಿಲಲ್ಲಿ ಕಾಯುತ್ತ ನಿಂತಿದ್ದ. ಅದನ್ನು ಅವನು ಎಂದೂ ಹೇಳಲಿಲ್ಲ.