ಬೆಳ್ಳಿಗೆ ಇಳಿದ ಕಂಚಿನ ಬೊಂಬೆಗಳು

ಬಹಳ ಹಿಂದೆ, ಕೊಕ್ಕರೆಗಳು ಮಾತು ಬಿಟ್ಟಿರದ ಕಾಲದಲ್ಲಿ, ಕಂಚಿವಾಳ ಎಂಬ ರಾಜ್ಯವಿತ್ತು. ಅಲ್ಲಿನ ಕಂಚುಗಾರರ ಕೇರಿಯಲ್ಲಿ ಒಂದು ಬುಧವಾರ ಬೆಳಗ್ಗೆ ಮಾಳಬ್ಬೆ ತನ್ನ ಮಗಳಿಗೆ ಎಣ್ಣೆ ತಿಕ್ಕಿ, ನೀರೆರೆದು, ಸಾಂಬ್ರಾಣಿ ಹೊಗೆ ಹಿಡಿದು ತೊಟ್ಟಿಲಿಗೆ ಹಾಕಿದಳು. ಮಗು ಹುಟ್ಟಿ ಹನ್ನೆರಡು ದಿನವಾಗಿತ್ತು. ಅಂದು ಹೆಸರಿಡಬೇಕಿತ್ತು.

ಆ ರಾಜ್ಯದಲ್ಲಿ ಪ್ರತಿ ಮಗುವಿಗೂ ಒಂದು ಹೊಸ ಗಂಟೆ ಎರಕ ಹೊಯ್ಯುತ್ತಿದ್ದರು. ಗಂಟೆ ಮೊದಲ ಸಲ ನುಡಿಯುವಾಗ ಹೆಸರು ಕರೆದರೆ ಆ ಹೆಸರು ಮಗುವಿಗೆ ಅಂಟುತ್ತಿತ್ತು. ವರುಷ ತುಂಬುವುದರೊಳಗೆ ಹೆಸರು ಅಂಟದಿದ್ದರೆ ಹೆತ್ತ ತಾಯಿಯೇ ಮಗುವನ್ನು ಮರೆತುಬಿಡುತ್ತಿದ್ದಳು.

ಮಾಳಬ್ಬೆಯ ಮಾವ ಬಿಕ್ಕೋಜ ಗಂಟೆ ಎತ್ತಿ ಅಲ್ಲಾಡಿಸಿದ. ಸದ್ದಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದ. ಸದ್ದಿಲ್ಲ. ಗುಡಿಯ ಜಾಗಟೆ, ಎತ್ತಿನ ಕೊರಳ ಗಂಟೆ, ಅರಮನೆಯ ಬಾಗಿಲ ಗಂಟೆ, ಎಲ್ಲವೂ ಅದೇ ಗಳಿಗೆಯಲ್ಲಿ ಮೂಕವಾಗಿದ್ದವು.

"ನನ್ನ ಎರಕದಲ್ಲಿ ಐಬಿಲ್ಲ!" ಎಂದು ಮುದುಕ ಯಾವ ಗಂಟೆಗೂ ಕಡಿಮೆಯಿಲ್ಲದಂತೆ ಕೂಗಿದ.

"ಐಬು ನಿನ್ನದಲ್ಲ ಬಿಡಜ್ಜ," ಎಂದಿತು ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ ಕೊಕ್ಕರೆ. ಅದು ಮನೆಯಷ್ಟು ಎತ್ತರವಿತ್ತು. ದಿನವೂ ಮುಂಜಾನೆ ಬೆಳ್ಳಿ ನಕ್ಷತ್ರದವರೆಗೆ ಹಾರಿ ಬರುತ್ತಿತ್ತು. "ಬೆಳ್ಳಿಯಲ್ಲಿ ಕಾವಳನೆಂಬ ಮಾಂತ್ರಿಕನಿದ್ದಾನೆ. ನಿಮ್ಮ ಗಂಟೆಗಳಿಂದ ಅವನ ನಿದ್ದೆ ಕೆಟ್ಟಿತಂತೆ. ನಾದವನ್ನೆಲ್ಲ ಎಳೆದು ಮಡಕೆಗೆ ತುಂಬಿ, ಬಾಯಿ ಕಟ್ಟಿ, ತಲೆದಿಂಬು ಮಾಡಿಕೊಂಡಿದ್ದಾನೆ."

"ಮಡಕೆ ಒಡೆದರೆ?" ಮಾಳಬ್ಬೆ ಕೇಳಿದಳು.

"ಒಡೆದರೆ ನಾದ ಬಂತು. ಆದರೆ ಅಲ್ಲಿ ಮೂರು ಕಾವಲು. ಮೋಡದಲ್ಲಿ ಹುಳಿ ಮಳೆ. ಮೋಡದ ಕೆಳಗೆ ಕಡಲ ತಳದಷ್ಟು ಭಾರದ ಗಾಳಿ. ನೆಲದ ಮೇಲೆ ಸೀಸ ಕರಗುವ ಕಾವು. ನೀವು ಕೊಟ್ಟದ್ದನ್ನು ಒಯ್ದು ಮೋಡದ ಮೇಲಿಂದ ಬಿಡುತ್ತೇನೆ. ಕೆಳಗಿಳಿ ಅನ್ನಬೇಡ, ನನ್ನ ಗರಿ ನನಗೆ ಬೇಕು."

ಮನುಷ್ಯರು ಹೋಗುವಂತಿರಲಿಲ್ಲ. ಬೊಂಬೆ ಹೋಗಬಹುದಿತ್ತು. ಆ ಕೇರಿಯಲ್ಲಿ ಎರೆದ ಬೊಂಬೆಗಳು ನಡೆಯುತ್ತಿದ್ದವು, ಹೇಳಿದ ಒಂದು ಕೆಲಸ ಮಾಡುತ್ತಿದ್ದವು. ಅದೇ ಎರಕದಲ್ಲಿ ಒಂದು ತಟ್ಟೆ ಮಾಡಿ ನೀರು ತುಂಬಿಟ್ಟರೆ ಬೊಂಬೆ ಕಂಡದ್ದು ನೀರಿನಲ್ಲಿ ಕಾಣುತ್ತಿತ್ತು.

ಬಿಕ್ಕೋಜ ಮೊದಲ ಬೊಂಬೆ ಎರೆದು ಕೈಗೆ ಸುತ್ತಿಗೆ ಕೊಟ್ಟ.

"ಮಾವ, ಹುಳಿ ಅಂದಮೇಲೆ ಕಲಾಯಿ ಹಾಕಿಸಬೇಡವೇ?" ಎಂದಳು ಮಾಳಬ್ಬೆ.

"ಬೊಂಬೆಯೊಳಗೆ ಸಾರು ಕಾಯಿಸ್ತೀಯೇನವ್ವಾ?"

ಕೊಕ್ಕರೆ ಒಯ್ದು ಬಿಟ್ಟಿತು. ಮೋಡದಲ್ಲೇ ಬೊಂಬೆಗೆ ಹಸಿರು ಕಿಲುಬು ಹಿಡಿದು, ಕೈಕಾಲು ಕಳಚಿ ಬಿದ್ದವು.

ಎರಡನೆಯ ಬೊಂಬೆಗೆ ಉಗುರಿನ ತುದಿಯವರೆಗೂ ಕಲಾಯಿ ಹಾಕಿಸಿದರು. ಮೋಡ ದಾಟಿತು. ಕೇರಿಯವರೆಲ್ಲ ಕುಣಿದರು. ಅರ್ಧ ದಾರಿಗೆ ಬರುವಷ್ಟರಲ್ಲಿ ಭಾರದ ಗಾಳಿ ಅದನ್ನು ಎಲೆದೊನ್ನೆಯಂತೆ ಹಿಸುಕಿಹಾಕಿತು.

"ಗಂಟೆಯ ಹಾಗೆ ತೆಳ್ಳಗೆ ಎರೆದಿದ್ದೀರಿ ಮಾವ. ದಪ್ಪ ಬೇಕು."

"ತಟ್ಟಿದರೆ ನುಡಿಯದ ಎರಕ ಏಳು ತಲೆಮಾರಿಂದ ಈ ಮನೆಯ ಹೊಸಿಲು ದಾಟಿಲ್ಲ!"

"ಈಗ ಯಾವುದು ತಾನೇ ನುಡೀತದೆ?"

ಮುದುಕ ದಪ್ಪ ಎರಕಕ್ಕೆ ಒಪ್ಪಲಿಲ್ಲ. ಹೀಗೆ ಹನ್ನೊಂದು ತಿಂಗಳು ಕಳೆಯಿತು.

ಒಂದು ದಿನ ಮಾಳಬ್ಬೆ ತೊಟ್ಟಿಲ ಮುಂದೆ ನಿಂತು, "ಮಾವ, ಈ ಮಗು ಯಾರದು? ಯಾಕೆ ಅಳುತ್ತಿದೆ?" ಎಂದಳು. ಮರುಕ್ಷಣ ನೆನಪು ಬಂತು. ಮಗುವನ್ನು ಬಾಚಿ ಎದೆಗವಚಿಕೊಂಡಳು. ಬಿಕ್ಕೋಜ ಎದ್ದುಹೋಗಿ ಮೇಣದ ಉಂಡೆ ತಂದು ಅವಳ ಮುಂದಿಟ್ಟ.

"ನಾಲ್ಕು ಬೆರಳು ದಪ್ಪ ಸಾಕೇನವ್ವಾ?" ಎಂದ. "ಅಚ್ಚು ನೀನೇ ಮಾಡು. ಒರಳುಕಲ್ಲಾದರೂ ಆಗಲಿ, ನಾನು ಎರೆಯುತ್ತೇನೆ."

ಮೂರನೆಯ ಬೊಂಬೆ ಒರಳುಕಲ್ಲಿನಂತೆಯೇ ಆಯಿತು. ಕಣ್ಣಿಗೆ ಮಳೆ ತಾಗದಂತೆ ಎರಡು ಮುಚ್ಚಳ. ಕಾವು ತಡೆಯಲು ಕೊಕ್ಕರೆ ಅದನ್ನು ಹಿಮದ ಬೆಟ್ಟಕ್ಕೆ ಒಯ್ದು ಹೊಟ್ಟೆಯ ತುಂಬ ಹಿಮ ಗಿಡಿದು ತಂದಿತು.

"ರೆಕ್ಕೆ ಬೇಡವೇ? ಬಿದ್ದು ಪುಡಿಯಾದೀತು," ಎಂದ ಬಿಕ್ಕೋಜ.

"ಬೇಡ ಮಾವ. ಅಷ್ಟು ಭಾರದ ಗಾಳಿ ನೀರಿನ ಹಾಗೆ. ಅದೇ ಮೆಲ್ಲಗೆ ಇಳಿಸುತ್ತದೆ."

ಹಾಗೆಯೇ ಆಯಿತು. ಹುಳಿ ಮಳೆ ಕಲಾಯಿಯ ಮೇಲೆ ಜಾರಿತು. ಭಾರದ ಗಾಳಿ ಬೊಂಬೆಯನ್ನು ಅಂಗೈಯಲ್ಲಿಟ್ಟಂತೆ ಇಳಿಸಿತು. ನೆಲದ ಕಾವಿಗೆ ಕಲಾಯಿ ಕರಗಿ ಹರಿಯಿತು. ಮಳೆ ದಾಟಿದ ಮೇಲೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಮುಚ್ಚಳಗಳು ಕಳಚಿ ಬಿದ್ದವು. ಎದುರಿಗೇ ಕಾವಳ ಗೊರಕೆ ಹೊಡೆಯುತ್ತಿದ್ದ.

ಬೊಂಬೆ ಸುತ್ತಿಗೆ ಎತ್ತಿ ಹೊಡೆಯಿತು. ಪೆಟ್ಟು ಬಿದ್ದದ್ದು ಮಡಕೆಯ ಮೇಲಲ್ಲ, ಮಡಕೆಯ ಮುಂದೆ ಬಿದ್ದಿದ್ದ ತನ್ನದೇ ಕಣ್ಣಿನ ಮುಚ್ಚಳದ ಮೇಲೆ.

"ಅಯ್ಯೋ ಪೆದ್ದು ಮುಂಡೇದೇ!" ಎಂದು ಇಡೀ ಕೇರಿ ತಟ್ಟೆಯ ಮೇಲೆ ಬಗ್ಗಿ ಕೂಗಿತು.

"ನನ್ನ ಬೊಂಬೆಗೆ ಬಯ್ಯಬೇಡಿ!" ಎಂದ ಬಿಕ್ಕೋಜ. "ಇನ್ನೊಂದು ಕೊಡು ಮಗನೇ, ಇನ್ನೊಂದು!"

ಕಾವಳ ಮಗ್ಗುಲಾದ. ಬೊಂಬೆ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹೊಡೆಯಿತು. ಮಡಕೆ ಒಡೆಯಿತು. ಹನ್ನೊಂದು ತಿಂಗಳ ನಾದ ಒಟ್ಟಿಗೇ ಹೊರಗೆ ನುಗ್ಗಿತು. ಕಾವಳ ಎರಡೂ ಕಿವಿ ಮುಚ್ಚಿಕೊಂಡು ಓಡಿದ. ಓಡಿ ಓಡಿ ಹಬೆಯಾಗಿ ಮೋಡದಲ್ಲಿ ಕರಗಿಹೋದ.

ಕಂಚಿವಾಳದಲ್ಲಿ ಜಾಗಟೆಗಳು ನುಡಿದವು, ಎತ್ತುಗಳು ಬೆಚ್ಚಿದವು. ಬಿಕ್ಕೋಜ ಪುಟ್ಟ ಗಂಟೆ ಎತ್ತಿದ. ಅದು ನುಡಿಯಿತು.

"ಮಂಚಲೆ!" ಎಂದು ಕರೆದಳು ಮಾಳಬ್ಬೆ. ಮಗು ತಿರುಗಿ ನೋಡಿ ನಕ್ಕಿತು. ಅಂದು ಸಂಜೆಯೊಳಗೆ ರಾಜ್ಯದ ಮುನ್ನೂರ ಆರು ಮಕ್ಕಳಿಗೆ ಹೆಸರಾಯಿತು. ರಾಜ ಊರಿಗೆಲ್ಲ ಹೋಳಿಗೆ ಹಾಕಿಸಿದ. ಕೊಕ್ಕರೆಗೆ ಒಂದು ಬುಟ್ಟಿ ಮೀನು ಬಂತು. ಎಲ್ಲರೂ ನೂರು ಕಾಲ ಸುಖವಾಗಿ ಬಾಳಿದರು.

ಕೆಲಸ ಮುಗಿದ ಮೇಲೆ ಬೊಂಬೆ, ಯಾರೂ ಹೇಳದಿದ್ದರೂ, ಸುತ್ತ ಒಮ್ಮೆ ನೋಡಿತ್ತು. ತಟ್ಟೆಯ ನೀರಿನಲ್ಲಿ ಚಪ್ಪಟೆ ಕಲ್ಲುಗಳು, ಕಿತ್ತಳೆ ಬಣ್ಣದ ಆಕಾಶ ಕಂಡಿದ್ದವು. ಆಮೇಲೆ ಬೊಂಬೆಯ ಹೊಟ್ಟೆಯ ಹಿಮವೆಲ್ಲ ಕರಗಿ, ತಟ್ಟೆಯ ನೀರು ಬರೀ ನೀರಾಯಿತು.

ಬೊಂಬೆ ಬೆಳ್ಳಿಯ ನೆಲದ ಮೇಲೆ ಇದ್ದದ್ದು ಎರಡೂಕಾಲು ಗಳಿಗೆ.