ಮುತ್ತಿನಕೆರೆಯ ಮೂರು ಕಕ್ಕಸುಮನೆಗಳು

ಬಲು ಹಿಂದೆ, ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮುತ್ತಿನಕೆರೆ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಸಂತೆಬೀದಿಯಲ್ಲಿ ಮೂರು ಕಕ್ಕಸುಮನೆಗಳಿದ್ದವು. ಮೂಗು ಮುಚ್ಚಿಕೊಳ್ಳಬೇಡಿ, ರಾಜನಾದರೂ ಹೋಗಲೇಬೇಕಾದ ಜಾಗ ಅದು. ಮೊದಲನೆಯದು ಕಪ್ಪೆಚಿಪ್ಪಿನ ಮನೆ. ಗಾಳಿ ಬೀಸಿದರೆ ಕಡಲಿನ ಸದ್ದು ಮಾಡುತ್ತಿತ್ತು. ಎರಡನೆಯದು ಗಾಜಿನ ಮನೆ; ಹೊರಗಿನವರಿಗೆ ಬರೀ ಕನ್ನಡಿ, ಒಳಗೆ ಕೂತವರಿಗೆ ಇಡೀ ಸಂತೆ ಕಾಣುತ್ತಿತ್ತು. ಮೂರನೆಯದು ಅಮೃತಶಿಲೆಯ ಮನೆ. ಅದರ ಸೂರಿನಲ್ಲಿ ನೀರು ನಿಂತಿತ್ತು, ಆ ನೀರಿನಲ್ಲಿ ಬಂಗಾರದ ಮೀನುಗಳು ಈಜುತ್ತಿದ್ದವು. ಈ ಮೂರನ್ನೂ ಸಂತೆಗೆ ಬರುವ ಬಡವರಿಗಾಗಿ ಹಿಂದಿನ ರಾಣಿ ಕಟ್ಟಿಸಿದ್ದಳು.

ರಾಣಿ ತೀರಿಕೊಂಡಳು. ವಿಚಿತ್ರಾಕ್ಷ ಎಂಬ ಮಾಯಾವಿ ಬಂದು ರಾಜನ ಕಿವಿ ಕಚ್ಚಿದ. "ಪ್ರಭೂ, ಇಷ್ಟು ಚೆಂದದ್ದನ್ನು ಯಾರಾದರೂ ಬಳಸಿ ಹೊಲಸು ಮಾಡುತ್ತಾರೆಯೇ? ನೋಡುವುದಕ್ಕೆ ಇಡಿ. ದೇಶದೇಶದಿಂದ ಜನ ಬಂದು ಆಹಾ ಅನ್ನಲಿ." ರಾಜ ತಲೆಯಾಡಿಸಿದ. ಮಾಯಾವಿ ಮೂರು ಬಾಗಿಲಿಗೂ ಮೂರು ಮೃಗಗಳನ್ನು ಕಾವಲಿಟ್ಟ. ಜನ ಅಂದ ಒಂದೊಂದು ಆಹಾ ಕೂಡ ಅವನ ಆಯುಸ್ಸಿಗೆ ಸೇರುತ್ತಿತ್ತು, ಅದು ರಾಜನಿಗೆ ಗೊತ್ತಿರಲಿಲ್ಲ.

ಗಂಡಸರಿಗೇನು, ಗೋಡೆ ಮರೆ ಸಿಕ್ಕಿದರೆ ಸಾಕು. ಹೆಂಗಸರ ಪಾಡು ಕೇಳಬೇಡಿ. ಕತ್ತಲಲ್ಲಿ ಚೊಂಬು ಹಿಡಿದು ಬಯಲಿಗೆ ಹೋಗಿಬಂದರೆ ಮತ್ತೆ ಕತ್ತಲಾಗುವ ತನಕ ಇಲ್ಲ. ಅದಕ್ಕೇ ಹೊತ್ತು ಮೂಡಿದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ಬರುಬರುತ್ತಾ ಅದೇ ಒಂದು ವ್ರತವಾಯಿತು. ಹಗಲು ನೀರು ಕುಡಿದವಳನ್ನು ಅತ್ತೆಯರು ಗಯ್ಯಾಳಿ ಅಂದರು. "ನಮ್ಮ ರಾಜ್ಯದ ಹೆಂಗಸರಿಗೆ ದಾಹವೇ ಇಲ್ಲ" ಅಂತ ರಾಜ ಮೀಸೆ ತಿರುವಿದ. ಅವನ ಮೀಸೆಗಿಷ್ಟು ಬೆಂಕಿ ಹಾಕ.

ಆ ಸಂತೆಯಲ್ಲಿ ಸೊಪ್ಪು ಮಾರುವ ಮಾಳವ್ವ ಇದ್ದಳು, ಅವಳಿಗೊಬ್ಬಳು ಮಗಳು ಸಿದ್ದಾಜಿ. ಮಾಳವ್ವ ದಿನವಿಡೀ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು, ತನ್ನ ಬಾಯಿಗೆ ಒಂದು ಹನಿ ಬಿಟ್ಟುಕೊಳ್ಳುತ್ತಿರಲಿಲ್ಲ. ಒಂದು ದಿನ ಸೊಪ್ಪಿನ ಕಟ್ಟುಗಳ ಮೇಲೇ ಕುಸಿದಳು. ಕಾಲು ಊದಿತ್ತು, ಕಣ್ಣು ಹಳದಿಯಾಗಿತ್ತು. ವೈದ್ಯ ನಾಡಿ ಹಿಡಿದು ನೋಡಿದ. "ಒಡಲು ಒಣಗಿದೆ. ಹೊತ್ತು ಮುಳುಗುವುದರೊಳಗೆ ಒಂದು ಬಿಂದಿಗೆ ನೀರು ಕುಡಿಯಬೇಕು. ಇಲ್ಲದಿದ್ದರೆ ಜೀವ ನಿಲ್ಲದು" ಅಂದ.

ಸಿದ್ದಾಜಿ ನೀರು ತಂದಳು. ಮಾಳವ್ವ ಬಾಯಿ ಬಿಗಿಹಿಡಿದಳು.

"ಕುಡಿಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ."

"ಕುಡಿದ ಮೇಲೆ ಎಲ್ಲಿಗೆ ಹೋಗಲಿ ಮಗಾ? ನಾಲ್ಕು ಜನರ ಮುಂದೆ ಮಾನ ಕಳೀಬೇಡ. ಕತ್ತಲಾಗ್ಲಿ, ಕುಡೀತೀನಿ."

ಕತ್ತಲಾಗುವವರೆಗೆ ಅವಳು ಉಳಿಯುವುದಿಲ್ಲ ಅಂತ ಸಿದ್ದಾಜಿಗೆ ಗೊತ್ತಿತ್ತು. ಅವ್ವನನ್ನು ಪಕ್ಕದ ಬಳೆಗಾರ್ತಿಯ ಮಡಿಲಿಗೆ ಒರಗಿಸಿ, ಬಿಂದಿಗೆ ಸೊಂಟಕ್ಕಿಟ್ಟು, ಬಾಗಿಲು ತೆಗೆಸಿಯೇ ಬರುತ್ತೇನೆ ಅಂತ ಹೊರಟಳು.

ಚಿಪ್ಪಿನ ಮನೆಯ ಮುಂದೆ ಕಬ್ಬಿಣದ ಹುಲಿ ಮಲಗಿತ್ತು. ಆ ಮೃಗಗಳು ಮಾಂಸ ತಿನ್ನುತ್ತಿರಲಿಲ್ಲ, ಮಾನ ತಿನ್ನುತ್ತಿದ್ದವು.

"ಎಲ್ಲಿಗೆ ಬಂದೆ?" ಅಂತು ಹುಲಿ.

"ಎಲ್ಲರೂ ಹೋಗುವಲ್ಲಿಗೆ."

"ಹಾಗಲ್ಲ. ಸಂತೆಗೆಲ್ಲ ಕೇಳುವ ಹಾಗೆ ಹೇಳು."

ಎಷ್ಟೋ ಹೆಂಗಸರು ಇಲ್ಲಿಂದಲೇ ತಲೆ ತಗ್ಗಿಸಿ ವಾಪಸು ಹೋಗಿದ್ದರು. ಸಿದ್ದಾಜಿಗೂ ಮುಖ ಬಿಸಿಯಾಯಿತು. ಅವ್ವನ ಒಣಗಿದ ತುಟಿ ನೆನಪಾಯಿತು. "ನಾನು ಒಂದಕ್ಕೆ ಹೋಗಬೇಕು" ಅಂತ ಗಂಟಲು ಹರಿಯುವಂತೆ ಕೂಗಿದಳು. ಸಂತೆಯೆಲ್ಲ ತಿರುಗಿ ನೋಡಿತು. ಯಾರೋ ಕಿಸಕ್ಕನೆ ನಕ್ಕರು. ಹುಲಿ ತುಕ್ಕು ಹಿಡಿದು ಪುಡಿಪುಡಿಯಾಗಿ ಉದುರಿತು. ಆದರೆ ಬಾಗಿಲು ಅಲುಗಲಿಲ್ಲ.

ಗಾಜಿನ ಮನೆಯ ಮುಂದೆ ಕಂಚಿನ ನವಿಲು. ಅದರ ಗರಿಗಳಲ್ಲಿದ್ದದ್ದು ನಿಜವಾದ ಕಣ್ಣುಗಳು, ಎಲ್ಲವೂ ರೆಪ್ಪೆ ಬಡಿಯುತ್ತಿದ್ದವು.

"ಒಳಗೆ ಹೋಗು, ಬೇಡ ಅನ್ನುವುದಿಲ್ಲ" ಅಂತು ನವಿಲು. "ಕಣ್ಣು ಮುಚ್ಚಬಾರದು ಅಷ್ಟೆ."

ಒಳಗೆ ಕೂತರೆ ಇಡೀ ಸಂತೆ ಎದುರಿಗೇ ಇತ್ತು. ಎಣ್ಣೆಯವನು, ತರಕಾರಿಯವಳು, ನೆಂಟರು, ಎಲ್ಲರೂ ತನ್ನನ್ನೇ ನೋಡುತ್ತಿರುವ ಹಾಗಿತ್ತು. ಎಣ್ಣೆಯವನಂತೂ ಗಾಜಿನ ಹತ್ತಿರ ಬಂದು ಮೂಗು ತಾಗಿಸಿ ನಿಂತ. ಸಿದ್ದಾಜಿ ಉಸಿರು ಬಿಗಿಹಿಡಿದಳು, ಕಣ್ಣು ಮುಚ್ಚಲಿಲ್ಲ. ಎಣ್ಣೆಯವನು ಹಲ್ಲು ಕಿರಿದು, ಹಲ್ಲಿನ ಸಂದಿಯ ಅಡಿಕೆಚೂರು ತೆಗೆದುಕೊಂಡು ಹೋದ. ಅವನು ನೋಡಿದ್ದು ಅವನನ್ನೇ. ಅಯ್ಯೋ, ಇಷ್ಟೇ ಏನು ಅಂತ ಅವಳಿಗೆ ನಗು ಬಂತು, ನಗುತ್ತಲೇ ಅಳುವೂ ಬಂತು. ಹೊರಗೆ ನವಿಲಿನ ಕಣ್ಣುಗಳೆಲ್ಲ ಮುಚ್ಚಿಹೋದವು. ಅವಳು ಹೊರಗೆ ಬಂದದ್ದೇ ಬಾಗಿಲೂ ಮುಚ್ಚಿಕೊಂಡಿತು.

ಅಮೃತಶಿಲೆಯ ಮನೆಯ ಮುಂದೆ ಬಿಳಿಯ ಕಲ್ಲಾನೆ. "ಬಳಸುವವರು ತೊಳೆಯಬೇಕು, ಇದು ರಾಣಿಯ ಕಟ್ಟಳೆ. ತೊಳೆದು ಮುಗಿಸಿದರೆ ಮೂರೂ ಬಾಗಿಲು ಎಲ್ಲರಿಗೂ ತೆರೆಯುತ್ತವೆ" ಅಂದು ಅದು ಸೊಂಡಿಲೆತ್ತಿ ದಾರಿ ಬಿಟ್ಟಿತು. ಒಳಗೆ ನೋಡಿದರೆ ವಿಚಿತ್ರಾಕ್ಷನೇ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಇಷ್ಟು ದಿನ ಅವನ ವಾಸ ಅಲ್ಲಿಯೇ.

"ಮೇಲೆ ನೋಡಮ್ಮ" ಅಂದ ಮೆತ್ತಗೆ. "ಒಂದು ಸಲ ಆಹಾ ಅನ್ನು, ಸಾಕು. ನಿನ್ನ ಅವ್ವನನ್ನು ನಾನೇ ಬದುಕಿಸುತ್ತೇನೆ."

ಸಿದ್ದಾಜಿ ಮೇಲೆ ನೋಡಿದಳು. ಮೀನುಗಳ ನೆರಳು ಗೋಡೆಯ ಮೇಲೆಲ್ಲ ಓಡಾಡುತ್ತಿತ್ತು. ಹುಟ್ಟಿದಾಗಿನಿಂದ ಅಷ್ಟು ಚೆಂದದ್ದನ್ನು ಅವಳು ಕಂಡಿರಲಿಲ್ಲ, ಬಾಯಿ ತಾನಾಗಿ ತೆರೆಯಿತು.

"ಧೂಳು ಎಷ್ಟು ಕೂತಿದೆ" ಅಂದಳು. "ಕಾಲು ತೆಗಿ, ಗುಡಿಸಬೇಕು."

ಮೂಲೆಯಲ್ಲಿದ್ದ ಪೊರಕೆ ಹಿಡಿದು ಬಿಂದಿಗೆಯ ನೀರು ಸುರಿದಳು. ಉಜ್ಜಿದಷ್ಟೂ ಮಾಯಾವಿ ಕುಗ್ಗಿದ. ಆದರೆ ಕೊಳೆ ವರ್ಷಗಳದು. ಮತ್ತೆ ಬಾವಿಗೆ ಹೋದಳು, ಮತ್ತೆ ಸುರಿದಳು, ಮತ್ತೆ ಉಜ್ಜಿದಳು. ಕೈ ಬೊಬ್ಬೆ ಎದ್ದು ಒಡೆಯಿತು. ಪ್ರತಿ ಸಲ ಬಾವಿಯ ಹತ್ತಿರ ಹೋದಾಗ ಹೊತ್ತು ಇನ್ನಷ್ಟು ಇಳಿದಿತ್ತು. ಬಿಟ್ಟು ಓಡಿಹೋಗಲೇ ಅನ್ನಿಸಿತು, ಓಡಿದರೆ ಅವ್ವ ಕುಡಿಯುವುದಿಲ್ಲವಲ್ಲ. ಕೊನೆಗೆ ಮಾಯಾವಿ ಬೆರಳುದ್ದವಾಗಿ ಬಚ್ಚಲಕಂಡಿಯಲ್ಲಿ ಕೊಚ್ಚಿಕೊಂಡು ಹೋದ. ಮೂರು ಬಾಗಿಲೂ ತಾವಾಗಿ ತೆರೆದುಕೊಂಡವು.

ಸಿದ್ದಾಜಿ ಬಿಂದಿಗೆ ತುಂಬಿಕೊಂಡು ಅವ್ವನ ಹತ್ತಿರ ಓಡಿದಳು. ಹೊತ್ತು ಇನ್ನೂ ಕೋಟೆಗೋಡೆಯ ಮೇಲಿತ್ತು.

"ಬಾಗಿಲು ತೆಗೀತು ಕಣವ್ವಾ. ಕುಡಿ."

ಮಾಳವ್ವ ತೆರೆದ ಬಾಗಿಲುಗಳನ್ನು ನೋಡಿದಳು. ಆಮೇಲೆ ಬಿಂದಿಗೆ ಎತ್ತಿ ಗಟಗಟ ಕುಡಿದಳು. ಸಂತೆಯ ಹೆಂಗಸರೆಲ್ಲ ಎದ್ದು ನಿಂತು ಅವಳು ಕುಡಿಯುವುದನ್ನೇ ನೋಡಿದರು. ಸ್ವಲ್ಪ ಹೊತ್ತಿಗೆ ಮಗಳ ಹೆಗಲು ಹಿಡಿದು ಗಾಜಿನ ಮನೆಗೆ ನಡೆದಳು. ಬಹಳ ಹೊತ್ತು ಒಳಗಿದ್ದಳು. ಹೊರಗೆ ಬಂದವಳು ಮಗಳ ಮುಖ ನೋಡಿ ಕೇಳಿದಳು.

"ಇಷ್ಟಕ್ಕೇನಾ ಮಗಾ, ನಾನು ಇಷ್ಟು ವರ್ಷ ಬಾಯಾರಿದ್ದು?"

ಸಿದ್ದಾಜಿ ಅವ್ವನನ್ನು ಮಡಿಲಿಗೆ ಒರಗಿಸಿಕೊಂಡಳು. ಹೊತ್ತು ಮುಳುಗುವ ಮುಂಚೆಯೇ ಅವ್ವ ಕುಡಿದಿದ್ದಳು, ನಿಜ. ಆದರೆ ವರ್ಷಗಟ್ಟಲೆ ಒಣಗಿದ ಒಡಲಿಗೆ ಒಂದು ಬಿಂದಿಗೆ ಯಾವ ಮೂಲೆಗೆ? ಬೆಳಗಾಗುವುದರೊಳಗೆ ಮಾಳವ್ವ ಮಗಳ ಮಡಿಲಲ್ಲೇ ಪ್ರಾಣ ಬಿಟ್ಟಳು.

ಅಲ್ಲಿಂದ ಮುಂದೆ ಮುತ್ತಿನಕೆರೆಯಲ್ಲಿ ಎಲ್ಲರೂ ಸುಖವಾಗಿದ್ದರು ಅಂತ ಹೇಳಬೇಕು, ಹೇಳುತ್ತೇನೆ, ಸುಳ್ಳೇನಲ್ಲ. ರಾಜ ತಪ್ಪಾಯಿತು ಅಂದ. ಮೂರು ಮನೆಗಳಿಗೂ ಜನ ಬಂದರು, ಹೋದರು, ತೊಳೆದರು. ಸಿದ್ದಾಜಿ ಅವ್ವನ ಜಾಗದಲ್ಲಿ ಕೂತು ಸೊಪ್ಪು ಮಾರಿದಳು. ನಡುಹಗಲಲ್ಲಿ ಸಂತೆಯ ಹೆಂಗಸರು ಒಬ್ಬರಿಗೊಬ್ಬರು ಚೊಂಬು ದಾಟಿಸುತ್ತಾ ಹೊಟ್ಟೆತುಂಬ ನೀರು ಕುಡಿಯುತ್ತಿದ್ದರು. ತನ್ನ ಸರದಿ ಬಂದಾಗ ಸಿದ್ದಾಜಿಯೂ ಕುಡಿಯುತ್ತಿದ್ದಳು, ಆದರೆ ಮೊದಲ ಗುಟುಕು ಗಂಟಲಲ್ಲಿ ಇಳಿಯುವುದಕ್ಕೆ ದಿನವೂ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.